ಲೂಯಿ ಬ್ರೈಲ್: ಅಂಧರಿಗೆ ಬರವಣಿಗೆಯನ್ನು ನೀಡಿದ ಶಿಕ್ಷಕ (1809–1852)

ಪೀಠಿಕೆ

ಅಂಧರ ಶಿಕ್ಷಣದ ಇತಿಹಾಸದಲ್ಲಿ ಲೂಯಿ ಬ್ರೈಲ್ ಅವರಿಗೆ ವಿಶಿಷ್ಟ ಸ್ಥಾನವಿದೆ. ಆರು ಚುಕ್ಕೆಗಳ ಆಧಾರದ ಮೇಲೆ ಅವರು ರೂಪಿಸಿದ ಸ್ಪರ್ಶಲಿಪಿಯು ಇಂದು ಕನ್ನಡವೂ ಸೇರಿದಂತೆ ಜಗತ್ತಿನ ಹಲವಾರು ಭಾಷೆಗಳಲ್ಲಿ ಬಳಕೆಯಲ್ಲಿದೆ. ಅವರು ಜನಿಸಿದ ಜನವರಿ 4ನೇ ದಿನವನ್ನು ವಿಶ್ವಸಂಸ್ಥೆಯ ನಿರ್ಣಯದಂತೆ 2019ರಿಂದ ವಿಶ್ವ ಬ್ರೈಲ್ ದಿನವನ್ನಾಗಿ ಆಚರಿಸಲಾಗುತ್ತಿದೆ.

ಬ್ರೈಲ್ ಅವರ ಕಾಲಕ್ಕೆ ಮೊದಲೇ ಅಂಧರಿಗೆ ಶಾಲೆಯಿತ್ತು, ಬೆರಳಿನಿಂದ ಓದಬಹುದಾದ ಪುಸ್ತಕಗಳೂ ಇದ್ದವು. ಆದರೆ ಆ ಪುಸ್ತಕಗಳ ಅಕ್ಷರಗಳನ್ನು ಕಣ್ಣುಳ್ಳವರು ತಮ್ಮ ಕಣ್ಣಿಗೆ ಒಪ್ಪುವಂತೆ ರೂಪಿಸಿದ್ದರು. ಅವುಗಳನ್ನು ಅಂಧರು ಕಷ್ಟಪಟ್ಟು ಓದಬಹುದಿತ್ತೇ ಹೊರತು ಸ್ವತಃ ಬರೆಯಲು ಸಾಧ್ಯವಿರಲಿಲ್ಲ. ಅಂಧ ವ್ಯಕ್ತಿಯು ತನ್ನ ಕೈಯಾರೆ ಬರೆದು, ಬರೆದುದನ್ನು ತಾನೇ ಮತ್ತೆ ಓದಿಕೊಳ್ಳುವ ಸ್ವಾತಂತ್ರ್ಯವನ್ನು ಒದಗಿಸಿದ್ದು ಬ್ರೈಲ್ ಅವರ ಮುಖ್ಯ ಕೊಡುಗೆ. ಈ ಕೊಡುಗೆಗೆ ಅಧಿಕೃತ ಮನ್ನಣೆ ದೊರೆತದ್ದು ಅವರ ಮರಣಾನಂತರವೇ.

ಜನನ ಮತ್ತು ಬಾಲ್ಯ

ಲೂಯಿ ಬ್ರೈಲ್ ಅವರು 1809ರ ಜನವರಿ 4ರಂದು ಫ್ರಾನ್ಸ್ ದೇಶದ ಕೂಪ್‌ವ್ರೆ ಎಂಬ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ರಾಜಧಾನಿ ಪ್ಯಾರಿಸ್‌ನ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ತಂದೆ ಸಿಮೋನ್ ರೆನೆ ಬ್ರೈಲ್ ಅವರು ಕುದುರೆಗಳ ಜೀನು, ಲಗಾಮು ಮುಂತಾದ ಚರ್ಮದ ಸಾಮಗ್ರಿಗಳನ್ನು ತಯಾರಿಸುವ ಕುಶಲಕರ್ಮಿ. ತಾಯಿ ಮೋನಿಕ್. ನಾಲ್ವರು ಮಕ್ಕಳಲ್ಲಿ ಲೂಯಿ ಕಿರಿಯವರು.

1812ರಲ್ಲಿ, ಮೂರು ವರ್ಷದ ಬಾಲಕ ಲೂಯಿ ತಂದೆಯ ಕಾರ್ಯಾಗಾರದಲ್ಲಿ ಚರ್ಮದ ಕೆಲಸದ ಚೂಪಾದ ಹತಾರವೊಂದನ್ನು ಹಿಡಿದು ಆಡುತ್ತಿದ್ದಾಗ ಅದು ಜಾರಿ ಒಂದು ಕಣ್ಣಿಗೆ ತಗುಲಿತು. ಗಾಯವು ಕೀವುಗಟ್ಟಿತು. ಆ ಕಾಲದಲ್ಲಿ ಸೋಂಕನ್ನು ತಡೆಯುವ ಔಷಧಗಳಿರಲಿಲ್ಲ. ತೊಂದರೆಯು ಕ್ರಮೇಣ ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷ ತುಂಬುವ ವೇಳೆಗೆ ಬಾಲಕನು ಎರಡೂ ಕಣ್ಣುಗಳ ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡನು.

ಇಂತಹ ಅಪಘಾತಗಳು ಇಂದಿಗೂ ಮನೆಗಳಲ್ಲಿ ಸಂಭವಿಸುತ್ತವೆ. ಮಕ್ಕಳ ಕಣ್ಣಿಗೆ ಚೂಪಾದ ವಸ್ತು ತಗುಲಿದಲ್ಲಿ ಕಣ್ಣನ್ನು ಉಜ್ಜಬಾರದು, ಒಳಗೆ ನಾಟಿಕೊಂಡ ವಸ್ತುವನ್ನು ಕೀಳಬಾರದು, ಮನೆಮದ್ದು ಹಾಕಬಾರದು. ತಡಮಾಡದೆ ನೇತ್ರತಜ್ಞರ ಬಳಿಗೆ ಕರೆದೊಯ್ಯಬೇಕು. ಒಂದು ಕಣ್ಣಿನ ತೀವ್ರ ಗಾಯವು ಕೆಲವೊಮ್ಮೆ ಇನ್ನೊಂದು ಕಣ್ಣಿಗೂ ಅಪಾಯ ತರಬಲ್ಲದೆಂಬುದನ್ನು ಪೋಷಕರು ನೆನಪಿಡುವುದು ಅವಶ್ಯಕ.

ತಂದೆತಾಯಿಯರ ಪ್ರೋತ್ಸಾಹ

ಅಂದಿನ ಯುರೋಪಿನಲ್ಲಿ ಬಡ ಕುಟುಂಬಗಳ ಅಂಧರ ಪಾಲಿಗೆ ಭಿಕ್ಷಾಟನೆಯೇ ಜೀವನೋಪಾಯವಾಗಿರುತ್ತಿತ್ತು. ಆದರೆ ಬ್ರೈಲ್ ದಂಪತಿಗಳು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆಯು ಮಗನಿಗಾಗಿ ಊರುಗೋಲುಗಳನ್ನು ಮಾಡಿಕೊಟ್ಟರು. ಕೋಲನ್ನು ತಟ್ಟುತ್ತಾ ಬಾಲಕನು ಊರಿನ ದಾರಿಗಳನ್ನು ಪರಿಚಯ ಮಾಡಿಕೊಂಡನು. ಮರದ ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರದ ಆಕಾರದಲ್ಲಿ ಹೊಡೆದು, ಅವುಗಳನ್ನು ಬೆರಳಿನಿಂದ ಮುಟ್ಟಿಸಿ ವರ್ಣಮಾಲೆಯನ್ನು ಕಲಿಸಿದವರೂ ತಂದೆಯೇ.

ಗ್ರಾಮದ ಪಾದ್ರಿ ಪಾಲುಯಿ ಅವರು ಬಾಲಕನಿಗೆ ಪಾಠ ಹೇಳಿದರು. ಅವರ ಪ್ರಯತ್ನದಿಂದ ಊರಿನ ಶಾಲೆಯ ಉಪಾಧ್ಯಾಯರಾದ ಬೆಶ್ರೆ ಅವರು ಲೂಯಿಯನ್ನು ಇತರ ಮಕ್ಕಳೊಂದಿಗೆ ತರಗತಿಯಲ್ಲಿ ಕೂರಿಸಿಕೊಂಡರು. ಅಂಧ ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವುದು ಆ ಕಾಲಕ್ಕೆ ಅಪರೂಪದ ಸಂಗತಿ. ಕೇಳಿದ್ದನ್ನು ನೆನಪಿನಲ್ಲಿಟ್ಟು ಒಪ್ಪಿಸುವುದರಲ್ಲಿ ಬಾಲಕನು ಮುಂದಿದ್ದನು. ಆದರೆ ಇತರ ಮಕ್ಕಳು ಪುಸ್ತಕ ತೆರೆದು ಓದುವಾಗ, ಸ್ಲೇಟಿನ ಮೇಲೆ ಬರೆಯುವಾಗ ಅವನು ಸುಮ್ಮನೆ ಕುಳಿತಿರಬೇಕಾಗುತ್ತಿತ್ತು. ಈ ಕೊರತೆಯನ್ನು ಮನಗಂಡ ಹಿತೈಷಿಗಳ ನೆರವಿನಿಂದ ಅವನಿಗೆ ಪ್ಯಾರಿಸ್‌ನ ರಾಜಾಶ್ರಯದ ಅಂಧ ಮಕ್ಕಳ ಶಾಲೆಯಲ್ಲಿ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ದೊರೆಯಿತು. 1819ರ ಫೆಬ್ರವರಿಯಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಲೂಯಿ ಆ ಶಾಲೆಯನ್ನು ಸೇರಿದನು.

ಪ್ಯಾರಿಸ್‌ನ ಅಂಧರ ಶಾಲೆ

ಈ ಶಾಲೆಯ ಸ್ಥಾಪಕರು ವ್ಯಾಲೆಂಟಿನ್ ಹಾಯ್ ಎಂಬ ವಿದ್ವಾಂಸರು. 1771ರಲ್ಲಿ ಪ್ಯಾರಿಸ್‌ನ ಜಾತ್ರೆಯೊಂದರಲ್ಲಿ ಅಂಧರಿಗೆ ವಿಚಿತ್ರ ವೇಷ ಹಾಕಿಸಿ ನಗೆಪಾಟಲು ಮಾಡುತ್ತಿದ್ದುದನ್ನು ಕಂಡು ಮನನೊಂದ ಅವರು, ಅಂಧರಿಗೆ ವಿದ್ಯೆ ಕಲಿಸುವ ಸಂಕಲ್ಪ ಮಾಡಿದರು. 1780ರ ದಶಕದ ಮಧ್ಯಭಾಗದಲ್ಲಿ ಶಾಲೆ ಪ್ರಾರಂಭವಾಯಿತು. ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ದಪ್ಪ ಕಾಗದದ ಮೇಲೆ ಉಬ್ಬುವಂತೆ ಒತ್ತಿ ಪುಸ್ತಕಗಳನ್ನು ತಯಾರಿಸುವ ವಿಧಾನವನ್ನು ಅವರು ರೂಪಿಸಿದರು. ಅಂಧರು ಓದಬಲ್ಲರು ಎಂಬುದನ್ನು ಸಮಾಜಕ್ಕೆ ತೋರಿಸಿಕೊಟ್ಟ ಕೀರ್ತಿ ಹಾಯ್ ಅವರದು.

ಆದರೆ ಈ ವಿಧಾನದಲ್ಲಿ ದೊಡ್ಡ ತೊಡಕುಗಳಿದ್ದವು. ಪ್ರತಿ ಅಕ್ಷರದ ಗೆರೆ, ಬಾಗು, ಕೊಂಡಿಗಳನ್ನು ಬೆರಳಿನಿಂದ ಸವರಿ ಗುರುತಿಸಬೇಕಾಗಿತ್ತು. ವಾಕ್ಯದ ಕೊನೆ ಮುಟ್ಟುವ ವೇಳೆಗೆ ಅದರ ಆರಂಭವೇ ಮರೆತುಹೋಗುವ ಸ್ಥಿತಿ ಇತ್ತು. ಪುಸ್ತಕಗಳು ಗಾತ್ರದಲ್ಲಿ ದೊಡ್ಡವು, ತೂಕದಲ್ಲಿ ಭಾರವಾದವು, ಸಂಖ್ಯೆಯಲ್ಲಿ ಕೆಲವೇ ಕೆಲವು. ಅವುಗಳನ್ನು ಮುದ್ರಿಸಲು ಅಚ್ಚುಮೊಳೆಗಳೂ ಯಂತ್ರವೂ ಬೇಕಾಗಿದ್ದುದರಿಂದ ವಿದ್ಯಾರ್ಥಿಯು ಮನೆಗೊಂದು ಪತ್ರ ಬರೆಯುವುದಾಗಲಿ, ಪಾಠದ ಟಿಪ್ಪಣಿ ಮಾಡಿಕೊಳ್ಳುವುದಾಗಲಿ ಅಸಾಧ್ಯವಾಗಿತ್ತು.

ಶಾಲೆಯ ಕಟ್ಟಡವು ಹಳೆಯದಾಗಿದ್ದು, ತೇವದಿಂದ ಕೂಡಿತ್ತು. ಗಾಳಿ ಬೆಳಕಿನ ಕೊರತೆಯಿತ್ತು. ಅಲ್ಲಿ ಅನೇಕ ವಿದ್ಯಾರ್ಥಿಗಳ ಆರೋಗ್ಯ ಕೆಟ್ಟಿತು. ಇಂತಹ ಪರಿಸರದಲ್ಲಿಯೂ ಲೂಯಿ ವ್ಯಾಕರಣ, ಭೂಗೋಳ, ಇತಿಹಾಸ, ಗಣಿತ ಹಾಗೂ ಸಂಗೀತದಲ್ಲಿ ಉತ್ತಮ ಪ್ರಗತಿ ಸಾಧಿಸಿದರು. ಆರ್ಗನ್ ಮತ್ತು ಚೆಲ್ಲೊ ವಾದನದಲ್ಲಿ ಪರಿಣತಿ ಪಡೆದರು.

ಬಾರ್ಬಿಯೆ ಅವರ ಚುಕ್ಕೆಗಳು

1821ರಲ್ಲಿ, ಹಿಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಚಾರ್ಲ್ಸ್ ಬಾರ್ಬಿಯೆ ಎಂಬುವರ ಬರವಣಿಗೆ ವಿಧಾನವೊಂದು ಈ ಶಾಲೆಗೆ ಪರಿಚಯವಾಯಿತು. ಇದರಲ್ಲಿ ಗೆರೆಗಳ ಬದಲು ಉಬ್ಬು ಚುಕ್ಕೆಗಳಿದ್ದವು. ಎರಡು ಕಂಬಸಾಲುಗಳಲ್ಲಿ, ಒಂದೊಂದರಲ್ಲಿ ಆರರವರೆಗೆ, ಒಟ್ಟು 12 ಚುಕ್ಕೆಗಳ ವ್ಯವಸ್ಥೆಯಲ್ಲಿ ಭಾಷೆಯ ಧ್ವನಿಗಳನ್ನು ಸೂಚಿಸಲಾಗುತ್ತಿತ್ತು. ಪಟ್ಟಿಯೊಂದನ್ನು ಕಾಗದದ ಮೇಲಿಟ್ಟು ಚೂಪಾದ ಕಡ್ಡಿಯಿಂದ ಚುಚ್ಚಿ ಯಾರು ಬೇಕಾದರೂ ಬರೆಯಬಹುದಾಗಿತ್ತು.

ಗೆರೆಗಿಂತ ಚುಕ್ಕೆಯು ಬೆರಳಿಗೆ ಬೇಗ ತಿಳಿಯುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಅನುಭವದಿಂದ ಮನವರಿಕೆಯಾಯಿತು. ಆದರೆ ಬಾರ್ಬಿಯೆ ಅವರ ವಿಧಾನವೂ ಪರಿಪೂರ್ಣವಾಗಿರಲಿಲ್ಲ. ಸಂಕೇತಗಳು ಉದ್ದವಾಗಿದ್ದು ಬೆರಳ ತುದಿಯೊಳಗೆ ಅಡಗುತ್ತಿರಲಿಲ್ಲ. ಓದುವಾಗ ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಿತ್ತು. ಧ್ವನಿಯನ್ನು ಮಾತ್ರ ಸೂಚಿಸುತ್ತಿದ್ದುದರಿಂದ ಪದಗಳ ಕಾಗುಣಿತವನ್ನು ಬರೆಯಲಾಗುತ್ತಿರಲಿಲ್ಲ. ಲೇಖನ ಚಿಹ್ನೆಗಳಿಗಾಗಲಿ, ಅಂಕಿಗಳಿಗಾಗಲಿ, ಸಂಗೀತಕ್ಕಾಗಲಿ ಅದರಲ್ಲಿ ಅವಕಾಶವಿರಲಿಲ್ಲ. ಉಚ್ಚಾರಣೆಗೂ ಬರಹಕ್ಕೂ ಬಹಳ ಅಂತರವಿರುವ ಫ್ರೆಂಚ್ ಭಾಷೆಯಲ್ಲಿ ಕಾಗುಣಿತ ತಿಳಿಯದವನು ವಿದ್ಯಾವಂತನೆನಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಆರು ಚುಕ್ಕೆಗಳ ಲಿಪಿ

ಲೂಯಿ ಬ್ರೈಲ್ ಅವರು ಈ ನ್ಯೂನತೆಗಳನ್ನು ಸರಿಪಡಿಸಲು ತೊಡಗಿದರು. ತರಗತಿಗಳು ಮುಗಿದ ನಂತರದ ವೇಳೆಯಲ್ಲಿ ಮತ್ತು ರಜಾದಿನಗಳಲ್ಲಿ ಕಾಗದ ಹಾಗೂ ಕಡ್ಡಿ ಹಿಡಿದು ಪ್ರಯೋಗ ನಡೆಸಿದರು. 1824ರ ವೇಳೆಗೆ, 15ನೆಯ ವಯಸ್ಸಿನಲ್ಲಿ, ಲಿಪಿಯ ಮುಖ್ಯ ರೂಪವು ಸಿದ್ಧವಾಗಿತ್ತು. ಅವರು ಹನ್ನೆರಡು ಚುಕ್ಕೆಗಳನ್ನು ಆರಕ್ಕೆ ಇಳಿಸಿದರು. ಎಡಕ್ಕೆ ಮೂರು, ಬಲಕ್ಕೆ ಮೂರು ಚುಕ್ಕೆಗಳ ಒಂದು ಕೋಶವು ಬೆರಳ ತುದಿಯ ಅಡಿಯಲ್ಲಿ ಒಮ್ಮೆಗೇ ಪೂರ್ಣವಾಗಿ ಸಿಗುತ್ತದೆ. ಬೆರಳು ಮೇಲೆ ಕೆಳಗೆ ಹುಡುಕದೆ ಸಾಲಿನ ಉದ್ದಕ್ಕೂ ಸರಾಗವಾಗಿ ಸಾಗಬಹುದು.

ಎಡಗಡೆಯ ಚುಕ್ಕೆಗಳಿಗೆ ಮೇಲಿನಿಂದ ಕೆಳಕ್ಕೆ 1, 2, 3 ಎಂದೂ ಬಲಗಡೆಯವುಗಳಿಗೆ 4, 5, 6 ಎಂದೂ ಸಂಖ್ಯೆ ನೀಡಲಾಗಿದೆ. ಇವುಗಳಲ್ಲಿ ಯಾವುದು ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ 63 ಬೇರೆ ಬೇರೆ ಸಂಕೇತಗಳು ದೊರೆಯುತ್ತವೆ. ಈ ಸಂಕೇತಗಳನ್ನು ಬ್ರೈಲ್ ಅವರು ಕ್ರಮಬದ್ಧವಾಗಿ ಜೋಡಿಸಿದರು. ರೋಮನ್ ವರ್ಣಮಾಲೆಯ ಮೊದಲ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕೆಗಳಿಂದಲೇ ಆಗುತ್ತವೆ. ಮುಂದಿನ ಹತ್ತು ಅಕ್ಷರಗಳಿಗೆ ಅವೇ ರೂಪಗಳೊಂದಿಗೆ 3ನೇ ಚುಕ್ಕೆ ಸೇರುತ್ತದೆ. ಅದರ ಮುಂದಿನ ಸಾಲಿಗೆ 3 ಮತ್ತು 6ನೇ ಚುಕ್ಕೆಗಳೆರಡೂ ಸೇರುತ್ತವೆ. ಉದಾಹರಣೆಗೆ, ಎ ಅಕ್ಷರಕ್ಕೆ 1ನೇ ಚುಕ್ಕೆ, ಕೆ ಅಕ್ಷರಕ್ಕೆ 1 ಮತ್ತು 3, ಯು ಅಕ್ಷರಕ್ಕೆ 1, 3 ಮತ್ತು 6. ಹೀಗೆ ಮೊದಲ ಹತ್ತು ರೂಪಗಳನ್ನು ಕಲಿತವರಿಗೆ ಉಳಿದವು ಸುಲಭವಾಗುತ್ತವೆ. ಫ್ರೆಂಚ್ ಭಾಷೆಯಲ್ಲಿ ಆಗ ಡಬ್ಲ್ಯು ಅಕ್ಷರದ ಬಳಕೆ ಇರಲಿಲ್ಲವಾದ್ದರಿಂದ ಆ ಅಕ್ಷರವು ಮಾತ್ರ ಈ ಕ್ರಮಕ್ಕೆ ಹೊರತಾಗಿ ನಂತರ ಸೇರಿದೆ.

ಬರೆಯುವ ಉಪಕರಣವೂ ಸರಳವಾದುದು. ಸ್ಲೇಟು ಎಂದು ಕರೆಯಲಾಗುವ ಚೌಕಟ್ಟಿನಲ್ಲಿ ದಪ್ಪ ಕಾಗದವನ್ನು ಸಿಕ್ಕಿಸಿ, ಸ್ಟೈಲಸ್ ಎಂಬ ಚೂಪಾದ ಕಡ್ಡಿಯಿಂದ ಕಾಗದದ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಚುಚ್ಚಲಾಗುತ್ತದೆ. ಕಾಗದವನ್ನು ಮಗುಚಿದಾಗ ಚುಕ್ಕೆಗಳು ಉಬ್ಬಿದ್ದು, ಎಡದಿಂದ ಬಲಕ್ಕೆ ಓದಬಹುದು. ತಂದೆಯ ಕಾರ್ಯಾಗಾರದಲ್ಲಿ ಕಣ್ಣನ್ನು ಕಸಿದುಕೊಂಡ ಹತಾರವೂ ಚುಚ್ಚುವ ಚೂಪು ಮೊನೆಯದೇ ಆಗಿತ್ತೆಂಬುದು ಬ್ರೈಲ್ ಅವರ ಜೀವನದ ಗಮನಾರ್ಹ ಸಂಗತಿ.

1829ರಲ್ಲಿ ಬ್ರೈಲ್ ಅವರು ತಮ್ಮ ಲಿಪಿಯನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದರು. ಮಾತು ಮತ್ತು ಸಂಗೀತ ಎರಡನ್ನೂ ಚುಕ್ಕೆಗಳಲ್ಲಿ ಬರೆಯುವ ಕ್ರಮವು ಅದರಲ್ಲಿತ್ತು. ಬಾರ್ಬಿಯೆ ಅವರ ವಿಧಾನಕ್ಕೆ ತಾವು ಋಣಿಯೆಂಬುದನ್ನು ಅವರು ಅದರಲ್ಲಿ ಮುಕ್ತವಾಗಿ ಒಪ್ಪಿಕೊಂಡಿದ್ದರು. ಮೊದಲ ಆವೃತ್ತಿಯಲ್ಲಿ ಚುಕ್ಕೆಗಳ ಜೊತೆಗೆ ಸಣ್ಣ ಗೆರೆಗಳೂ ಇದ್ದವು. ಗೆರೆಗಳು ಬರೆಯಲು ತೊಡಕೆಂದು ಕಂಡುಬಂದದ್ದರಿಂದ 1837ರ ಪರಿಷ್ಕೃತ ಆವೃತ್ತಿಯಲ್ಲಿ ಅವುಗಳನ್ನು ಕೈಬಿಡಲಾಯಿತು. ಅದೇ ವರ್ಷ ಫ್ರಾನ್ಸ್ ದೇಶದ ಸಂಕ್ಷಿಪ್ತ ಇತಿಹಾಸವು ಮೂರು ಸಂಪುಟಗಳಲ್ಲಿ ಬ್ರೈಲ್ ಲಿಪಿಯಲ್ಲಿ ಮುದ್ರಣಗೊಂಡಿತು.

ಶಿಕ್ಷಕರಾಗಿ ಸೇವೆ

ತಾವು ಕಲಿತ ಶಾಲೆಯಲ್ಲಿಯೇ 1828ರಲ್ಲಿ ಸಹಾಯಕ ಶಿಕ್ಷಕರಾಗಿ ನೇಮಕಗೊಂಡ ಬ್ರೈಲ್ ಅವರು 1833ರಲ್ಲಿ ಪೂರ್ಣಪ್ರಮಾಣದ ಶಿಕ್ಷಕರಾದರು. ವ್ಯಾಕರಣ, ಭೂಗೋಳ, ಅಂಕಗಣಿತ, ಸಂಗೀತ ಮುಂತಾದ ವಿಷಯಗಳನ್ನು ಬೋಧಿಸಿದರು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ವಾದಕರಾಗಿಯೂ ಸೇವೆ ಸಲ್ಲಿಸಿದರು. ಮೃದು ಸ್ವಭಾವದವರೂ ಮಿತಭಾಷಿಗಳೂ ಆಗಿದ್ದ ಅವರು ಕಷ್ಟದಲ್ಲಿದ್ದ ವಿದ್ಯಾರ್ಥಿಗಳಿಗೆ ತಮ್ಮ ಅಲ್ಪ ಸಂಬಳದಲ್ಲಿಯೇ ನೆರವಾಗುತ್ತಿದ್ದರು.

ಅಂಧರು ಕಣ್ಣುಳ್ಳವರಿಗೂ ಪತ್ರ ಬರೆಯುವಂತಾಗಬೇಕೆಂಬುದು ಅವರ ಇನ್ನೊಂದು ಕಾಳಜಿ. ಊರಿನಲ್ಲಿರುವ ತಾಯಿಗೆ ಚುಕ್ಕೆಗಳ ಲಿಪಿ ತಿಳಿದಿರಲಾರದು. ಈ ಉದ್ದೇಶದಿಂದ 1839ರಲ್ಲಿ ಅವರು, ಸಾಮಾನ್ಯ ಅಕ್ಷರಗಳ ಆಕಾರವನ್ನೇ ಚುಕ್ಕೆಗಳಿಂದ ಮೂಡಿಸುವ ಬೇರೊಂದು ವಿಧಾನವನ್ನು ಪ್ರಕಟಿಸಿದರು. ಕೈಯಿಂದ ಹೀಗೆ ಬರೆಯುವುದು ನಿಧಾನವಾಗಿದ್ದುದರಿಂದ, ಅದೇ ಶಾಲೆಯಲ್ಲಿ ಓದಿದ ಅಂಧ ಮಿತ್ರ ಪಿಯರ್ ಫೂಕೋ ಅವರು ಇದಕ್ಕಾಗಿ ಯಂತ್ರವೊಂದನ್ನು ನಿರ್ಮಿಸಿದರು. ಬೆರಳಚ್ಚು ಯಂತ್ರಗಳ ಪೂರ್ವರೂಪಗಳಲ್ಲಿ ಇದನ್ನೂ ಒಂದೆಂದು ಪರಿಗಣಿಸಲಾಗುತ್ತದೆ.

ವಿರೋಧ ಮತ್ತು ಮನ್ನಣೆ

ವಿದ್ಯಾರ್ಥಿಗಳು ಬ್ರೈಲ್ ಲಿಪಿಯನ್ನು ಉತ್ಸಾಹದಿಂದ ಸ್ವೀಕರಿಸಿದರು. ನಿರ್ದೇಶಕರಾಗಿದ್ದ ಪಿನ್ಯೇ ಅವರು ಬೆಂಬಲ ನೀಡಿದರು. ಆದರೆ ಶಾಲೆಯ ಅಧಿಕೃತ ಲಿಪಿಯಾಗಿ ಹಾಯ್ ಅವರ ಉಬ್ಬು ಅಕ್ಷರಗಳೇ ಮುಂದುವರಿದವು. 1840ರಲ್ಲಿ ಪಿನ್ಯೇ ಅವರು ಹುದ್ದೆಯಿಂದ ನಿರ್ಗಮಿಸಿ, ಡ್ಯುಫೋ ಎಂಬುವರು ನಿರ್ದೇಶಕರಾದ ಮೇಲೆ ಪರಿಸ್ಥಿತಿ ಬದಲಾಯಿತು. ಅಂಧರಿಗೆ ಪ್ರತ್ಯೇಕ ಲಿಪಿ ಇದ್ದರೆ ಅವರು ಸಮಾಜದಿಂದ ಇನ್ನಷ್ಟು ದೂರವಾಗುತ್ತಾರೆ ಎಂಬುದು ವಿರೋಧಿಗಳ ವಾದವಾಗಿತ್ತು. ಕಣ್ಣುಳ್ಳ ಶಿಕ್ಷಕರು ಹೊಸ ಲಿಪಿಯೊಂದನ್ನು ಕಲಿಯಬೇಕಾಗುತ್ತದೆ ಎಂಬುದೂ ಒಂದು ಕಾರಣವಾಗಿತ್ತು. ಪರಿಣಾಮವಾಗಿ ಶಾಲೆಯಲ್ಲಿ ಬ್ರೈಲ್ ಲಿಪಿಯ ಬಳಕೆಗೆ ತಡೆಯುಂಟಾಯಿತು.

ಆದರೂ ವಿದ್ಯಾರ್ಥಿಗಳು ಅದನ್ನು ಬಿಡಲಿಲ್ಲ. ಟಿಪ್ಪಣಿ ಬರೆದುಕೊಳ್ಳಲು, ಪರಸ್ಪರ ಚೀಟಿ ಕಳುಹಿಸಲು, ಸಂಗೀತವನ್ನು ದಾಖಲಿಸಲು ಅವರಿಗೆ ಬೇರೆ ಸಾಧನವೇ ಇರಲಿಲ್ಲ. ದೊಡ್ಡ ವಿದ್ಯಾರ್ಥಿಗಳು ಚಿಕ್ಕವರಿಗೆ ಗುಟ್ಟಾಗಿ ಕಲಿಸಿದರು. ಉಪನಿರ್ದೇಶಕರಾದ ಜೋಸೆಫ್ ಗ್ವಾದೆ ಅವರು ಇದನ್ನು ಗಮನಿಸಿ, ಲಿಪಿಯ ಉಪಯುಕ್ತತೆಯನ್ನು ಡ್ಯುಫೋ ಅವರಿಗೆ ಮನವರಿಕೆ ಮಾಡಿಕೊಟ್ಟರು. ಈ ನಡುವೆ ಹಳೆಯ ಕಟ್ಟಡದ ದುಃಸ್ಥಿತಿಯ ಬಗ್ಗೆ ಕವಿ ಹಾಗೂ ಜನಪ್ರತಿನಿಧಿ ಲಾಮಾರ್ತೀನ್ ಅವರು 1838ರಲ್ಲಿ ಸಂಸತ್ತಿನ ಗಮನ ಸೆಳೆದಿದ್ದರಿಂದ ಹೊಸ ಕಟ್ಟಡಕ್ಕೆ ಹಣ ಮಂಜೂರಾಗಿ, 1843ರಲ್ಲಿ ಶಾಲೆಯು ಅಲ್ಲಿಗೆ ಸ್ಥಳಾಂತರಗೊಂಡಿತ್ತು. 1844ರ ಫೆಬ್ರವರಿ 22ರಂದು ನಡೆದ ಆ ಕಟ್ಟಡದ ಉದ್ಘಾಟನಾ ಸಮಾರಂಭದಲ್ಲಿ ಬ್ರೈಲ್ ಲಿಪಿಯ ಪ್ರಾತ್ಯಕ್ಷಿಕೆಯನ್ನು ಸಾರ್ವಜನಿಕರ ಮುಂದೆ ಏರ್ಪಡಿಸಲಾಯಿತು. ತಮ್ಮ ಲಿಪಿಗೆ ಬಹಿರಂಗವಾಗಿ ಗೌರವ ದೊರೆತದ್ದನ್ನು ಬ್ರೈಲ್ ಅವರು ತಮ್ಮ ಜೀವಿತಕಾಲದಲ್ಲಿ ಹೀಗೆ ಕಾಣುವಂತಾಯಿತು.

ಅಂತಿಮ ದಿನಗಳು

ಆ ವೇಳೆಗೆ ಬ್ರೈಲ್ ಅವರ ಆರೋಗ್ಯ ಬಹಳವಾಗಿ ಕುಗ್ಗಿತ್ತು. 1830ರ ದಶಕದ ಮಧ್ಯಭಾಗದಲ್ಲಿಯೇ ಅವರಿಗೆ ಕ್ಷಯರೋಗ ಕಾಣಿಸಿಕೊಂಡಿತ್ತು. ಅಂದು ಅದಕ್ಕೆ ಔಷಧವಿರಲಿಲ್ಲ. ಆಗಾಗ್ಗೆ ಹುಟ್ಟೂರಿಗೆ ತೆರಳಿ ವಿಶ್ರಾಂತಿ ಪಡೆದು, ಸ್ವಲ್ಪ ಚೇತರಿಸಿಕೊಂಡೊಡನೆ ಪಾಠಕ್ಕೆ ಹಿಂದಿರುಗುತ್ತಿದ್ದರು. 1851ರ ಡಿಸೆಂಬರ್‌ನಲ್ಲಿ ರೋಗ ಉಲ್ಬಣಿಸಿತು. 1852ರ ಜನವರಿ 6ರಂದು, 43ನೆಯ ಜನ್ಮದಿನದ ಎರಡು ದಿನಗಳ ನಂತರ, ಅವರು ಶಾಲೆಯಲ್ಲಿಯೇ ಕೊನೆಯುಸಿರೆಳೆದರು. ಅವರ ದೇಹವನ್ನು ಹುಟ್ಟೂರಾದ ಕೂಪ್‌ವ್ರೆಯಲ್ಲಿ ಸಮಾಧಿ ಮಾಡಲಾಯಿತು.

ಅವರು ಬಿಟ್ಟುಹೋದ ಪೆಟ್ಟಿಗೆಯೊಂದನ್ನು ತೆರೆಯದೆ ಸುಡಬೇಕೆಂದು ತಿಳಿಸಿದ್ದರಂತೆ. ಕುತೂಹಲದಿಂದ ತೆರೆದು ನೋಡಿದಾಗ ಅದರಲ್ಲಿ, ವಿದ್ಯಾರ್ಥಿಗಳು ಅವರಿಂದ ಪಡೆದ ಸಾಲಕ್ಕೆ ಬರೆದುಕೊಟ್ಟಿದ್ದ ಚೀಟಿಗಳಿದ್ದವೆಂದು ಹೇಳಲಾಗುತ್ತದೆ.

ಮರಣಾನಂತರದ ಗೌರವ

ಬ್ರೈಲ್ ಅವರ ಮರಣದ ಎರಡು ವರ್ಷಗಳ ನಂತರ, 1854ರಲ್ಲಿ, ಫ್ರಾನ್ಸ್‌ನಲ್ಲಿ ಅವರ ಲಿಪಿಗೆ ಅಧಿಕೃತ ಮಾನ್ಯತೆ ದೊರೆಯಿತು. ಇಂಗ್ಲೆಂಡಿನಲ್ಲಿ, ಸ್ವತಃ ದೃಷ್ಟಿ ಕಳೆದುಕೊಂಡಿದ್ದ ವೈದ್ಯ ಥಾಮಸ್ ಆರ್ಮಿಟೇಜ್ ಅವರು 1868ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಯಾವ ಲಿಪಿ ಉತ್ತಮವೆಂಬ ತೀರ್ಮಾನವನ್ನು ಅಂಧರೇ ಕೈಗೊಳ್ಳಬೇಕೆಂಬುದು ಅವರ ನಿಲುವಾಗಿತ್ತು. ಪರಿಶೀಲನೆಯ ನಂತರ ಆ ಸಂಸ್ಥೆಯು ಬ್ರೈಲ್ ಲಿಪಿಯನ್ನು ಆರಿಸಿಕೊಂಡಿತು. 1878ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವೂ ಈ ಲಿಪಿಯ ಪರವಾಗಿ ನಿರ್ಣಯಿಸಿತು. ಅಮೆರಿಕದಲ್ಲಿ ಬೇರೆ ಬೇರೆ ಚುಕ್ಕೆ ಲಿಪಿಗಳ ನಡುವಿನ ಸ್ಪರ್ಧೆ ಬಹುಕಾಲ ನಡೆದು, 1932ರಲ್ಲಿ ಇಂಗ್ಲಿಷ್ ಭಾಷೆಗೆ ಏಕರೂಪದ ಬ್ರೈಲ್ ಒಪ್ಪಿತವಾಯಿತು.

1952ರಲ್ಲಿ, ಮರಣದ ಶತಮಾನೋತ್ಸವದ ಸಂದರ್ಭದಲ್ಲಿ, ಫ್ರಾನ್ಸ್ ಸರ್ಕಾರವು ಬ್ರೈಲ್ ಅವರ ಅವಶೇಷಗಳನ್ನು ರಾಷ್ಟ್ರದ ಮಹನೀಯರ ಸ್ಮಾರಕವಾದ ಪ್ಯಾರಿಸ್‌ನ ಪಾಂಥಿಯಾನ್‌ಗೆ ಸಕಲ ಗೌರವಗಳೊಂದಿಗೆ ಸ್ಥಳಾಂತರಿಸಿತು. ಈ ಸಂದರ್ಭದಲ್ಲಿ ಹೆಲೆನ್ ಕೆಲರ್ ಅವರೂ ಉಪಸ್ಥಿತರಿದ್ದರು. ಗ್ರಾಮಸ್ಥರ ಇಚ್ಛೆಯಂತೆ ಬ್ರೈಲ್ ಅವರ ಕೈಗಳನ್ನು ಮಾತ್ರ ಕೂಪ್‌ವ್ರೆಯಲ್ಲಿಯೇ ಉಳಿಸಿಕೊಳ್ಳಲಾಗಿದೆ. ಅವರು ಜನಿಸಿದ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಜನ್ಮದ್ವಿಶತಮಾನೋತ್ಸವದ ಅಂಗವಾಗಿ 2009ರಲ್ಲಿ ಭಾರತ ಸರ್ಕಾರವು 2 ರೂಪಾಯಿ ಮೌಲ್ಯದ ಸ್ಮರಣಾರ್ಥ ನಾಣ್ಯವನ್ನು ಹೊರತಂದಿತು.

ಭಾರತದಲ್ಲಿ ಬ್ರೈಲ್ ಮತ್ತು ಕನ್ನಡ ಬ್ರೈಲ್

ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆಯು 1887ರಲ್ಲಿ ಅಮೃತಸರದಲ್ಲಿ ಪ್ರಾರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ಆರಂಭಗೊಂಡಿತು. ಆದರೆ ದೇಶದ ವಿವಿಧ ಭಾಗಗಳಲ್ಲಿ ಬೇರೆ ಬೇರೆ ಬ್ರೈಲ್ ಸಂಕೇತಗಳು ಬಳಕೆಯಲ್ಲಿದ್ದುದರಿಂದ ಒಂದೆಡೆ ತಯಾರಾದ ಪುಸ್ತಕವನ್ನು ಇನ್ನೊಂದೆಡೆ ಓದಲಾಗುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ, 1951ರಲ್ಲಿ, ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಜಾರಿಗೆ ಬಂದಿತು. ಅದೇ ವರ್ಷ ಡೆಹ್ರಾಡೂನ್‌ನಲ್ಲಿ ಕೇಂದ್ರೀಯ ಬ್ರೈಲ್ ಮುದ್ರಣಾಲಯ ಸ್ಥಾಪನೆಯಾಯಿತು.

ಕನ್ನಡ ಬ್ರೈಲ್ ಈ ಭಾರತಿ ಬ್ರೈಲ್‌ನ ಅಂಗವಾಗಿದೆ. ಇದರಲ್ಲಿ ಅಕ್ಷರದ ಆಕಾರಕ್ಕಿಂತ ಧ್ವನಿಗೆ ಪ್ರಾಧಾನ್ಯ. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಇವೆಲ್ಲಕ್ಕೂ 1 ಮತ್ತು 3ನೇ ಚುಕ್ಕೆಗಳ ಒಂದೇ ಸಂಕೇತವಿದೆ. ಮುದ್ರಣದಲ್ಲಿ ಗುಣಿತದ ಚಿಹ್ನೆಗಳು ವ್ಯಂಜನಕ್ಕೆ ಅಂಟಿಕೊಂಡಿರುತ್ತವೆ, ಒತ್ತಕ್ಷರಗಳು ಕೆಳಗೆ ಬರುತ್ತವೆ. ಬ್ರೈಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ಮುಂದೊಂದು ಬರುತ್ತವೆ. ಕಿ ಎಂದು ಬರೆಯಲು ಕ ಸಂಕೇತದ ಮುಂದೆ ಇ ಸಂಕೇತವನ್ನು ಬರೆಯಲಾಗುತ್ತದೆ. ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯದ ಮೂಲಕ ಅಂಧ ವಿದ್ಯಾರ್ಥಿಗಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸಲಾಗಿದೆ.

ಇಂದಿನ ಪ್ರಸ್ತುತತೆ

ಇಂದು ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಗಳು ಗಣಕಯಂತ್ರ ಹಾಗೂ ಮೊಬೈಲ್ ದೂರವಾಣಿಗಳಲ್ಲಿ ಲಭ್ಯವಿವೆ. ಇವು ಬಹು ಉಪಯುಕ್ತವಾದರೂ ಬ್ರೈಲ್‌ಗೆ ಪೂರ್ಣ ಪರ್ಯಾಯವಲ್ಲ. ಕಾಗುಣಿತ, ಗಣಿತದ ಲೆಕ್ಕಗಳು, ಸಂಗೀತದ ಸ್ವರಲಿಪಿ ಮುಂತಾದವುಗಳನ್ನು ಕೇಳುವುದಕ್ಕಿಂತ ಸ್ವತಃ ಮುಟ್ಟಿ ಓದಿದಾಗ ಕಲಿಕೆ ದೃಢವಾಗುತ್ತದೆ. ಕಣ್ಣು ಹಾಗೂ ಕಿವಿ ಎರಡರ ತೊಂದರೆಯೂ ಇರುವವರಿಗಂತೂ ಸ್ಪರ್ಶವೇ ಓದಿನ ದಾರಿ. ಗಣಕಯಂತ್ರದ ಬರಹವನ್ನು ಏಳುಬೀಳುವ ಚುಕ್ಕೆಗಳಾಗಿ ಬೆರಳಿಗೆ ತೋರಿಸುವ ಬ್ರೈಲ್ ಫಲಕಗಳೂ ಬಳಕೆಗೆ ಬಂದಿವೆ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಬ್ರೈಲ್ ಬಲ್ಲ ಶಿಕ್ಷಕರ ತರಬೇತಿ ಮತ್ತು ನೇಮಕಾತಿಗೆ, ಹಾಗೂ ಶಿಕ್ಷಣದಲ್ಲಿ ಬ್ರೈಲ್ ಬಳಕೆಯ ಉತ್ತೇಜನಕ್ಕೆ ಅವಕಾಶ ಕಲ್ಪಿಸಿದೆ. ದೃಷ್ಟಿದೋಷವುಳ್ಳ ಮಗುವಿಗೆ ಎಳವೆಯಲ್ಲಿಯೇ ಬ್ರೈಲ್ ಪರಿಚಯವಾದಲ್ಲಿ ಬೆರಳಿನ ಸೂಕ್ಷ್ಮತೆ ಬೆಳೆದು ಓದಿನ ವೇಗ ಹೆಚ್ಚುತ್ತದೆ. ಆದುದರಿಂದ ಪೋಷಕರು ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳದೆ, ಸಮೀಪದ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಸಕಾಲದಲ್ಲಿ ಸಂಪರ್ಕಿಸುವುದು ಸೂಕ್ತ. ಕೂಪ್‌ವ್ರೆಯ ಚರ್ಮದ ಕೆಲಸಗಾರರೊಬ್ಬರು ಮಗನಿಗಾಗಿ ಹಲಗೆಯ ಮೇಲೆ ಮೊಳೆಗಳಿಂದ ಅಕ್ಷರ ಮೂಡಿಸಿದ್ದು, ಊರಿನ ಉಪಾಧ್ಯಾಯರೊಬ್ಬರು ಆ ಮಗನಿಗೆ ತರಗತಿಯಲ್ಲಿ ಜಾಗ ಕೊಟ್ಟದ್ದು ಲೂಯಿ ಬ್ರೈಲ್ ಅವರ ಸಾಧನೆಗೆ ಬುನಾದಿಯಾಯಿತು ಎಂಬುದನ್ನು ಇಲ್ಲಿ ಸ್ಮರಿಸಬಹುದಾಗಿದೆ.